ಏಳು ಡಿಗ್ರಿಯ ಕೆಳಗೆ ಯಾವ ಟೈರು?

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ಚಳಿಗಾಲದ ಟೈರು ಯಾವಾಗ ಬೇಕು ಎಂದು ಕೇಳಿದರೆ ತಯಾರಕರು ಹೇಳುವ ಅಂಕಿ 7 ಡಿಗ್ರಿ. ಅಲ್ಲಿಗೆ, ಬೆಂಗಳೂರು ಕಂಡ ಅತ್ಯಂತ ಚಳಿಯ ಬೆಳಗ್ಗೆ ಕೂಡ ಆ ಊರಿನ ಕಾರಿಗೆ ಇಂಥ ಟೈರು ಬೇಕಿರಲಿಲ್ಲ. (ಆಗ ಊರಿನಲ್ಲಿ ಕಾರೇ ಇರಲಿಲ್ಲ ಅನ್ನುವುದು ಬೇರೆ ವಿಷಯ.) ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಗಾಡಿ ಓಡಿಸಲು ಕಲಿತು ಮಿನಿಯಾಪೊಲಿಸ್, ಡೆಟ್ರಾಯಿಟ್, ಟೊರಾಂಟೊ, ಮ್ಯೂನಿಕ್ ಕಡೆ ಸಂಸಾರ ಹೂಡಿದವರಿಗೆ ಟೈರೆಂದರೆ ಸವೆದು ಬೋಳಾದ ಮೇಲೆ ಬದಲಾಯಿಸುವ ವಸ್ತು. ಋತುವಿಗೊಂದು ಟೈರು ಎಂಬ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಅದು ಅಂಗಡಿಯವನ ವ್ಯಾಪಾರದ ಮಾತು ಅನ್ನಿಸಿದರೆ ಆಶ್ಚರ್ಯವಿಲ್ಲ. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವದ ತಯಾರಿಯ ನಡುವೆಯೂ ಇದೇ ಚರ್ಚೆ: ಸ್ನೋ ಟೈರು ಹಾಕಿಸಿದ್ರಾ? ಆಲ್ ಸೀಸನ್ ಸಾಕಾಗಲ್ವಾ? ನಮ್ದು ಆಲ್ ವೀಲ್ ಡ್ರೈವ್ ಅಲ್ವಾ?

ಈ ಪ್ರಶ್ನೆಗಳನ್ನು ಸಾಮಾನ್ಯವಾಗಿ ಹಿಮದ ಲೆಕ್ಕದಲ್ಲಿ ಕೇಳುತ್ತಾರೆ. ನನ್ನ ಪ್ರಕಾರ ಕೇಳಬೇಕಾದ್ದು ಚಳಿಯ ಲೆಕ್ಕದಲ್ಲಿ. ವರ್ಷಕ್ಕೆ ಎಷ್ಟು ಇಂಚು ಹಿಮ ಬೀಳುತ್ತದೆ ಅನ್ನುವುದು ಆಮೇಲಿನ ಮಾತು. ಎಷ್ಟು ದಿನ ರಸ್ತೆ ಏಳು ಡಿಗ್ರಿಗಿಂತ ತಣ್ಣಗಿರುತ್ತದೆ, ಅಂಥ ದಿನ ಗಾಡಿ ತೆಗೆಯದೆ ಮನೆಯಲ್ಲಿ ಕೂರಲು ನಿಮಗೆ ಆಗುತ್ತದೆಯೇ ಎಂಬ ಎರಡು ಸಂಗತಿಗಳೇ ಟೈರನ್ನು ನಿರ್ಧರಿಸಬೇಕು.

ಏಕೆಂದರೆ ವ್ಯತ್ಯಾಸ ಮೊದಲು ಹುಟ್ಟುವುದು ರಬ್ಬರಿನಲ್ಲಿ. ಬೇಸಿಗೆ ಟೈರಿನ ರಬ್ಬರು ಬಿಸಿ ಡಾಂಬರಿನ ಮೇಲೆ ಕರಗದೆ, ಸವೆಯದೆ ನಿಲ್ಲಬೇಕು. ಹಾಗಾಗಿ ಅದರ ಮಿಶ್ರಣ ಗಟ್ಟಿ. ಉಷ್ಣಾಂಶ ಇಳಿದಂತೆ ಅದು ಇನ್ನಷ್ಟು ಬಿಗಿಯುತ್ತದೆ, ರಸ್ತೆಯ ಸಣ್ಣ ಏರುತಗ್ಗುಗಳಿಗೆ ಬಗ್ಗಿ ಕೂರುವುದನ್ನು ಬಿಡುತ್ತದೆ. ಚಳಿಗಾಲದ ಟೈರಿನಲ್ಲಿ ನೈಸರ್ಗಿಕ ರಬ್ಬರು ಮತ್ತು ಸಿಲಿಕಾದ ಪಾಲು ಹೆಚ್ಚು, ಆದ್ದರಿಂದ ಸೊನ್ನೆಗಿಂತ ಎಷ್ಟೋ ಕೆಳಗೂ ಅದು ಮೆತ್ತಗೇ ಇರುತ್ತದೆ. ಹೊರಗೆ ಮೈನಸ್ ಹತ್ತು ಇರುವ ಬೆಳಗ್ಗೆ ಕೈಗವಸು ತೆಗೆದು ಎರಡೂ ಬಗೆಯ ಟೈರಿನ ಗ್ರಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಂದರಲ್ಲಿ ರಬ್ಬರಿನ ತುಂಡುಗಳು ಅಲುಗಾಡಿ ಪಕ್ಕಕ್ಕೆ ವಾಲುತ್ತವೆ, ಅವುಗಳ ಮೇಲೆ ಅಂಕುಡೊಂಕಾಗಿ ಕೊಯ್ದ ಕೂದಲೆಳೆಯಂಥ ಸೀಳುಗಳು ಬಾಯಿ ತೆರೆಯುತ್ತವೆ. ಇನ್ನೊಂದರಲ್ಲಿ ಬೆರಳಷ್ಟೇ ನೋಯುತ್ತದೆ.

ಆ ಸೀಳುಗಳಿಗೆ ‘ಸೈಪ್’ ಎಂಬ ಹೆಸರು ಬಂದದ್ದು ಜಾನ್ ಸೈಪ್ ಎಂಬಾತನಿಂದ. 1923ರಲ್ಲಿ ಆತನಿಗೆ ಈ ಬಗೆಯ ಕೊಯ್ತಕ್ಕೆ ಪೇಟೆಂಟ್ ಸಿಕ್ಕಿತು. ಒಂದೊಂದು ಸೀಳಿನ ಅಂಚೂ ಹಿಮವನ್ನು ಕಚ್ಚುವ ಹಲ್ಲಾಗುತ್ತದೆ. ಗ್ರಿಪ್ಪಿನ ಅಗಲವಾದ ಕಾಲುವೆಗಳು ಮಾಡುವ ಕೆಲಸ ಇನ್ನೂ ಸ್ವಾರಸ್ಯದ್ದು: ಅವು ಹಿಮವನ್ನು ಹೊರಗೆ ಎಸೆಯುವುದಕ್ಕಿಂತ ತಮ್ಮೊಳಗೆ ತುಂಬಿ ಒತ್ತಿ ಇಟ್ಟುಕೊಳ್ಳುತ್ತವೆ. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುವುದು. ಟೈರಿನಲ್ಲಿ ಕಟ್ಟಿಕೊಂಡ ಹಿಮ ರಸ್ತೆಯ ಹಿಮವನ್ನು ಹಿಡಿದು ಗಾಡಿಯನ್ನು ಮುಂದೆ ತಳ್ಳುತ್ತದೆ.

ಮಂಜುಗಡ್ಡೆಯ ಕಥೆ ಬೇರೆ. ಮಂಜುಗಡ್ಡೆಯ ಮೇಲ್ಮೈಯಲ್ಲಿ ಸದಾ ತೆಳುವಾದ, ನೀರಿನಂಥ ಪದರ ಇರುತ್ತದೆಂದು ಮೈಕೆಲ್ ಫ್ಯಾರಡೆ 1850ರಲ್ಲೇ ಊಹಿಸಿದ್ದ. ಸೊನ್ನೆಯ ಹತ್ತಿರ ಆ ಪದರ ದಪ್ಪ, ಚಳಿ ಏರಿದಷ್ಟೂ ತೆಳು. ಹಾಗಾಗಿ ವಿನಿಪೆಗ್‌ನ ಮೈನಸ್ ಇಪ್ಪತ್ತೈದರ ಮಂಜುಗಡ್ಡೆಗಿಂತ ಟೊರಾಂಟೊದ ಮೈನಸ್ ಒಂದರ ಮಂಜುಗಡ್ಡೆ ಹೆಚ್ಚು ಜಾರುತ್ತದೆ. ‘ಇವತ್ತು ಅಷ್ಟೇನೂ ಚಳಿಯಿಲ್ಲ’ ಎಂದು ಹೊರಟವರೇ ಸೇತುವೆಯ ಮೇಲೆ ಗಿರಕಿ ಹೊಡೆಯುವುದು ಇದಕ್ಕೇ. ಸೇತುವೆಗೆ ಕೆಳಗಿನಿಂದಲೂ ಗಾಳಿ ಬಡಿಯುವುದರಿಂದ ಉಳಿದ ರಸ್ತೆಗಿಂತ ಅದು ಮೊದಲೇ ಹೆಪ್ಪುಗಟ್ಟಿರುತ್ತದೆ. ಡಾಂಬರಿನ ಬಣ್ಣವೇ ಕಾಣುವಷ್ಟು ತಿಳಿಯಾದ ಈ ಪದರಕ್ಕೆ ಅಲ್ಲಿನವರು ಬ್ಲ್ಯಾಕ್ ಐಸ್ ಎನ್ನುತ್ತಾರೆ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರಿಗೆ ಬ್ರೇಕ್ ಒತ್ತಿದಿರಿ. ಒಣ ಡಾಂಬರಿನಲ್ಲಿ ಘರ್ಷಣೆಯ ಗುಣಾಂಕ ಸುಮಾರು 0.7, ಗಾಡಿ 14 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.2ಕ್ಕೆ ಇಳಿದರೆ 49 ಮೀಟರ್ ಬೇಕು. ಹಸಿ ಮಂಜುಗಡ್ಡೆಯ ಮೇಲೆ 0.1 ಎಂದುಕೊಂಡರೂ 98 ಮೀಟರ್. ಈಗ ಟೈರು ಬದಲಾಯಿಸಿ ಹಿಮದ ಮೇಲಿನ ಹಿಡಿತ 0.2ರಿಂದ 0.3ಕ್ಕೆ ಏರಿತು ಅನ್ನಿ. 49 ಮೀಟರು 33 ಆಗುತ್ತದೆ. ಉಳಿದ 16 ಮೀಟರೆಂದರೆ ಸಾಲಾಗಿ ನಿಂತ ಮೂರು ಕಾರುಗಳ ಉದ್ದ. ಮುಂದೆ ನಿಂತ ಶಾಲಾ ಬಸ್ಸಿಗೆ ಗುದ್ದುವುದಕ್ಕೂ ಗುದ್ದದೆ ಇರುವುದಕ್ಕೂ ಇಷ್ಟು ಅಂತರ ಸಾಕು.

ಈ ಲೆಕ್ಕದಲ್ಲಿ ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುತ್ತದೆಯೇ ಎಂಬುದು ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಆಲ್ ವೀಲ್ ಡ್ರೈವ್ ಗಾಡಿ ಹೊರಡಲು, ದಿಣ್ಣೆ ಹತ್ತಲು, ಹಿಮ ತುಂಬಿದ ಡ್ರೈವ್‌ವೇಯಿಂದ ಈಚೆ ಬರಲು ನೆರವಾಗುತ್ತದೆ. ನಿಲ್ಲುವುದಕ್ಕೂ ತಿರುವಿನಲ್ಲಿ ದಾರಿ ಬಿಡದೆ ಇರುವುದಕ್ಕೂ ಅದು ಕೊಡುವ ಸಹಾಯ ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೇ ಇರುತ್ತದೆ. ಸರಾಗವಾಗಿ ಹೊರಟ ಗಾಡಿ ಸರಾಗವಾಗಿ ನಿಲ್ಲುತ್ತದೆಂಬ ಭ್ರಮೆಯನ್ನೂ ಅದು ಹುಟ್ಟಿಸುತ್ತದೆ. ಆಲ್ ವೀಲ್ ಡ್ರೈವ್‌ಗಾಗಿ ಎರಡು ಮೂರು ಸಾವಿರ ಡಾಲರ್ ಹೆಚ್ಚು ತೆತ್ತವರು ಟೈರಿನ ವಿಷಯಕ್ಕೆ ಬಂದಾಗ ಕೈ ಹಿಡಿಯುವುದು ನನಗೆ ಇಂದಿಗೂ ಅರ್ಥವಾಗದ ಜಿಪುಣತನ. ಎಬಿಎಸ್ಸಿನ ಕಥೆಯೂ ಇದೇ: ಚಕ್ರ ಬಿಗಿದುಕೊಳ್ಳದಂತೆ ನೋಡಿಕೊಂಡು ಸ್ಟಿಯರಿಂಗ್ ನಿಮ್ಮ ಕೈಯಲ್ಲಿ ಉಳಿಸುತ್ತದೆ, ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಸೃಷ್ಟಿಸುವುದಿಲ್ಲ. ಕಾಲಡಿಯಲ್ಲಿ ಪೆಡಲು ಗಡಗಡ ನಡುಗಿದರೆ ಹೆದರಿ ಕಾಲು ತೆಗೆಯಬಾರದು, ಒತ್ತಿಯೇ ಹಿಡಿಯಬೇಕು.

ಇನ್ನು ಅಂಗಡಿಯಲ್ಲಿ ಸಿಗುವ ಬಗೆಗಳು. ಅಮೆರಿಕದ ಬಹುತೇಕ ಕಾರುಗಳು ಕಾರ್ಖಾನೆಯಿಂದಲೇ ಆಲ್ ಸೀಸನ್ ಟೈರಿನಲ್ಲಿ ಬರುತ್ತವೆ. ಗುಡ್‌ಇಯರ್ 1977ರಲ್ಲಿ ತಂದ ‘ಟಿಯೆಂಪೊ’ದಿಂದ ಈ ವರ್ಗ ಜನಪ್ರಿಯವಾಯಿತು. ಹೆಸರಿನಲ್ಲಿ ಎಲ್ಲ ಋತುವೂ ಇದೆಯಾದರೂ ಇದು ಮೂರು ಋತುವಿನ ಟೈರು. ಇದರ ಪಕ್ಕದಲ್ಲಿ M+S ಎಂಬ ಅಕ್ಷರಗಳಿರುತ್ತವೆ. ಕೆಸರು ಮತ್ತು ಹಿಮ ಎಂದು ಅದರ ಅರ್ಥವಾದರೂ ಅದು ಗ್ರಿಪ್ಪಿನ ಕಾಲುವೆಗಳು ಎಷ್ಟು ಅಗಲವಾಗಿವೆ ಎಂಬುದನ್ನಷ್ಟೇ ನೋಡಿ ಕೊಡುವ ಗುರುತು. ಹಿಮದ ಮೇಲೆ ಓಡಿಸಿ ನೋಡಿ ಕೊಟ್ಟದ್ದಲ್ಲ.

ಓಡಿಸಿ ನೋಡಿ ಕೊಡುವ ಗುರುತು ಇನ್ನೊಂದಿದೆ: ಮೂರು ಶಿಖರಗಳ ಬೆಟ್ಟ, ಅದರೊಳಗೆ ಒಂದು ಹಿಮದ ಹೂವು. ಅಮೆರಿಕ ಮತ್ತು ಕೆನಡಾದ ರಬ್ಬರು ಉದ್ಯಮದ ಸಂಘಗಳು ಇದನ್ನು 1999ರಲ್ಲಿ ಜಾರಿಗೆ ತಂದವು. ಒಂದು ಗೊತ್ತುಪಡಿಸಿದ ಟೈರಿಗೆ ಹಿಮದ ಮೇಲೆ 100 ಅಂಕ ಎಂದಿಟ್ಟುಕೊಂಡು, ಪರೀಕ್ಷೆಗೆ ಬಂದ ಟೈರು ಕನಿಷ್ಠ 110 ಪಡೆದರೆ ಈ ಗುರುತು ಸಿಗುತ್ತದೆ. ಟೈರು ಕೊಳ್ಳುವಾಗ ಮೊದಲು ಹುಡುಕಬೇಕಾದದ್ದು ಇದನ್ನೇ. ಆದರೆ ಅದಕ್ಕೂ ಮಿತಿಯಿದೆ: ಅಮೆರಿಕದ ಆ ಪರೀಕ್ಷೆ ಅಳೆಯುವುದು ಹಿಮದ ಮೇಲೆ ಚಕ್ರ ಮುಂದಕ್ಕೆ ಎಳೆಯುವ ಬಲವನ್ನು. ಮಂಜುಗಡ್ಡೆಯ ಮೇಲೆ ಬ್ರೇಕು ಹೇಗೆ, ತಿರುವಿನಲ್ಲಿ ಹೇಗೆ ಎಂಬುದು ಅದರಲ್ಲಿ ಬರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಜನ ಮೆಚ್ಚಿರುವ ಆಲ್ ವೆದರ್ ಟೈರುಗಳಿಗೂ ಬೆಟ್ಟದ ಗುರುತಿದೆ. ಅವನ್ನು ವರ್ಷವಿಡೀ ಬಿಡಬಹುದು. ಆಲ್ ಸೀಸನ್‌ಗಿಂತ ಅವು ಹಿಮದಲ್ಲಿ ಖಂಡಿತ ಮೇಲು. ಅಪ್ಪಟ ಚಳಿಗಾಲದ ಟೈರಿನ ಸಮಕ್ಕೆ, ಅದರಲ್ಲೂ ಮಂಜುಗಡ್ಡೆಯ ಮೇಲೆ, ಅವು ಬರುವುದಿಲ್ಲ.

ಮೊಳೆಯ ಟೈರಿನ ಚರಿತ್ರೆ ಈ ಇಡೀ ವಿಷಯದಲ್ಲೇ ಹೆಚ್ಚು ಜಗಳದ್ದು. ಚಳಿಗಾಲದ ಟೈರು ಮೊದಲು ರೂಪುಗೊಂಡದ್ದು ಫಿನ್‌ಲೆಂಡಿನಲ್ಲಿ. ಇಂದು ನೋಕಿಯನ್ ಎನ್ನುವ ಕಂಪನಿ 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಕಾರುಗಳಿಗೆ ಅದನ್ನು ತಂದಿತು. ಮುಂದೆ ರಬ್ಬರಿನಲ್ಲಿ ಲೋಹದ ಮೊಳೆ ಕೂರಿಸುವ ಪದ್ಧತಿ ಬಂದಾಗ ಮಂಜುಗಡ್ಡೆಯ ಸಮಸ್ಯೆ ತೀರಿತೆಂದೇ ಎಲ್ಲರೂ ನಂಬಿದರು. ಹಸಿ ಮಂಜುಗಡ್ಡೆಯ ಮೇಲೆ ಮೊಳೆಗೆ ಸಾಟಿ ಈಗಲೂ ಇಲ್ಲ. ಆದರೆ ಮಂಜುಗಡ್ಡೆ ಇಲ್ಲದ ದಿನ ಅದೇ ಮೊಳೆ ರಸ್ತೆಯನ್ನು ಅರೆಯುತ್ತದೆ. ಮಿನ್ನೆಸೋಟ ರಾಜ್ಯ ರಸ್ತೆಗಳಲ್ಲಿ ಬಿದ್ದ ಗಾಲಿಜಾಡಿನ ತಗ್ಗುಗಳನ್ನು ಕಂಡು 1971ರಲ್ಲಿ ಮೊಳೆಯ ಟೈರು ನಿಷೇಧಿಸಿತು. ಆ ನಿಷೇಧ ಇಂದಿಗೂ ಇದೆ, ಅಮೆರಿಕದ ಅತಿ ಚಳಿಯ ರಾಜ್ಯಗಳಲ್ಲಿ ಅದೂ ಒಂದಾಗಿದ್ದರೂ. ಜಪಾನಿನ ಸೆಂಡೈ, ಸಪ್ಪೊರೊ ನಗರಗಳಲ್ಲಿ ವಸಂತ ಬಂತೆಂದರೆ ಡಾಂಬರಿನ ದೂಳು ಜನರ ಉಸಿರಿಗೆ ಸೇರುತ್ತಿತ್ತು. 1990ರಲ್ಲಿ ಅಲ್ಲಿ ಇದರ ವಿರುದ್ಧ ಕಾನೂನೇ ಬಂತು. ಅದಕ್ಕೂ ಎರಡು ವರ್ಷ ಮೊದಲೇ ಬ್ರಿಜ್‌ಸ್ಟೋನ್ ಕಂಪನಿ ಮೊಳೆಯಿಲ್ಲದ ‘ಬ್ಲಿಜಾಕ್’ ತಂದಿತ್ತು. ಅದರ ರಬ್ಬರಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು, ಮಂಜುಗಡ್ಡೆಯ ಮೇಲಿನ ಆ ನೀರಿನ ಪದರವನ್ನು ಹೀರಿಕೊಳ್ಳುತ್ತವೆ. ಫ್ಯಾರಡೆ ಊಹಿಸಿದ ಪದರಕ್ಕೆ ಮದ್ದು ಹುಡುಕಿದ್ದು ದೂಳಿನ ಕಾಟ! ಸ್ಟಾಕ್‌ಹೋಮ್ ನಗರ 2010ರಿಂದ ತನ್ನ ಹಾರ್ನ್ಸ್‌ಗಾಟನ್ ಬೀದಿಗೆ ಮೊಳೆಯ ಟೈರಿನ ಕಾರುಗಳನ್ನು ಬಿಡುವುದಿಲ್ಲ. ಊರಾಚೆ, ಉಪ್ಪು ಸುರಿಯದ ರಸ್ತೆಗಳಿರುವ ಕಡೆ ಮೊಳೆ ಸರಿ. ನಗರವಾಸಿಗೆ ಅದು ಬೇಡ ಎಂಬುದೇ ನನ್ನ ನಿಲುವು.

ಕಾನೂನುಗಳು ಒಂದೊಂದು ಕಡೆ ಒಂದೊಂದು ಥರ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2008ರಿಂದ ಚಳಿಗಾಲದ ಟೈರು ಕಡ್ಡಾಯ. ಮೊದಲು ಡಿಸೆಂಬರ್ 15ರಿಂದ ಇದ್ದ ಗಡುವನ್ನು 2019ರಲ್ಲಿ ಡಿಸೆಂಬರ್ 1ಕ್ಕೆ ಹಿಂದೆ ತಂದರು, ಮಾರ್ಚ್ 15ರವರೆಗೆ. ಪಕ್ಕದ ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ ಹಾಕಿಸಿಕೊಂಡವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕೆಂಬ ನಿಯಮ 2016ರಿಂದ ಇದೆ. ಎಷ್ಟೋ ಜನ ಕೇಳುವುದೇ ಇಲ್ಲ. ಜರ್ಮನಿಯದು ತಾರೀಖಿಲ್ಲದ ಕಾನೂನು: ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದ ದಿನ ಗಾಡಿಯಲ್ಲಿ ಆ ಟೈರು ಇರಬೇಕು, ಇಲ್ಲದಿದ್ದರೆ 60 ಯೂರೊ ದಂಡ, ಲೈಸೆನ್ಸಿಗೆ ಒಂದು ಅಂಕ. 2024ರ ಅಕ್ಟೋಬರಿನಿಂದ ಅಲ್ಲಿ M+S ಅಕ್ಷರಗಳು ಸಾಲವು, ಬೆಟ್ಟದ ಗುರುತೇ ಬೇಕು. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎಂಬುದು ಜರ್ಮನ್ನರ ರೂಢಿಯ ಲೆಕ್ಕ. ಸ್ವೀಡನ್ನಿನಲ್ಲಿ ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ, ರಸ್ತೆ ಹಿಮದ್ದಾಗಿದ್ದರೆ ಕಡ್ಡಾಯ. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮ ಇಲ್ಲ. ಕೊಲೊರಾಡೊದಂಥ ಬೆಟ್ಟದ ರಾಜ್ಯಗಳು ತಮ್ಮ ಹೆದ್ದಾರಿಗಳಿಗೆ ಬೇರೆ ಷರತ್ತು ಹಾಕಿಕೊಂಡಿವೆ.

ಭಾರತದ ಮಾತು ಚಿಕ್ಕದು. 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆದ ಮೇಲೆ, ಚಳಿಗಾಲದಲ್ಲಿ ಬಾಗಿಲು ಮುಚ್ಚುತ್ತಿದ್ದ ಲಾಹೌಲ್ ಕಣಿವೆಗೆ ಪ್ರವಾಸಿಗಳು ಡಿಸೆಂಬರಿನಲ್ಲೂ ನುಗ್ಗುತ್ತಾರೆ. ಕೆಎ ನಂಬರಿನ ಕಾರುಗಳೂ ಆ ಸಾಲಿನಲ್ಲಿರುತ್ತವೆ, ಬಯಲುಸೀಮೆಯ ಟೈರಿನಲ್ಲೇ. ನಮ್ಮ ಅಂಗಡಿಗಳಲ್ಲಿ ಚಳಿಗಾಲದ ಟೈರು ಸಿಗುವುದೇ ಅಪರೂಪ. ಮನಾಲಿಯ ಟ್ಯಾಕ್ಸಿಯವರು ನಂಬುವುದು ಚಕ್ರಕ್ಕೆ ಸುತ್ತುವ ಸರಪಳಿಯನ್ನು. ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೋ ಅದಕ್ಕೇ ಅದನ್ನು ಕಟ್ಟಬೇಕು, ನಿಧಾನಕ್ಕೆ ಓಡಿಸಬೇಕು, ಹಿಮ ಮುಗಿದ ತಕ್ಷಣ ಬಿಚ್ಚಬೇಕು. ಕಟ್ಟಲು ಬಾರದವರು ಅವತ್ತಿಗೆ ಅಲ್ಲಿನ ಟ್ಯಾಕ್ಸಿ ಹತ್ತುವುದೇ ಕ್ಷೇಮ.

ಟೈರು ಸರಿಯಾದರೆ ಸಾಲದು. ಉಳಿದ ಗಾಡಿಗೂ ಚಳಿಯಾಗುತ್ತದೆ. ಮೊದಲು ಗಾಳಿ. ಉಷ್ಣಾಂಶ ಆರು ಡಿಗ್ರಿ ಇಳಿದರೆ ಸುಮಾರು ಒಂದು ಪೌಂಡ್ ಗಾಳಿ ಕಡಿಮೆಯಾಗುತ್ತದೆ. ಹದಿನೈದು ಡಿಗ್ರಿಯ ಒಂದು ಮಧ್ಯಾಹ್ನ 33 ಪೌಂಡ್ ಹಾಕಿಸಿದ ಟೈರು ಮೈನಸ್ ಹದಿನೈದರ ಬೆಳಗ್ಗೆ 28ಕ್ಕೆ ಇಳಿದಿರುತ್ತದೆ. ಪಂಕ್ಚರ್ ಆಗಿಲ್ಲ, ಸೋರಿಲ್ಲ. ಅಮೆರಿಕದ ಕಾರುಗಳಲ್ಲಿ ಕಡ್ಡಾಯವಾಗಿರುವ ಎಚ್ಚರಿಕೆಯ ದೀಪ ಹೊತ್ತಿಕೊಳ್ಳಬೇಕಾದದ್ದು ಗಾಳಿ ಕಾಲು ಭಾಗ ಇಳಿದ ಮೇಲೆ, ಅಂದರೆ ಇಲ್ಲಿ 25ರ ಆಸುಪಾಸಿನಲ್ಲಿ. ದೀಪಕ್ಕೆ ಕಾಯದೆ ತಿಂಗಳಿಗೊಮ್ಮೆ, ಗಾಡಿ ಓಡಿಸುವ ಮೊದಲೇ ಗೇಜಿನಲ್ಲಿ ನೋಡಿಕೊಳ್ಳುವುದೇ ಸರಿ.

ಬ್ಯಾಟರಿ ಹಾಳಾಗುವುದು ಬೇಸಿಗೆಯ ಕಾವಿಗೆ; ಗೊತ್ತಾಗುವುದು ಚಳಿಗಾಲದಲ್ಲಿ. ಅಮೆರಿಕದ ವಾಹನ ಸವಾರರ ಸಂಘ ಎಎಎ ಕೊಡುವ ಲೆಕ್ಕದಂತೆ ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿಯ ಬಲ ಮೂರನೇ ಒಂದು ಭಾಗ ಕುಗ್ಗುತ್ತದೆ, ಮೈನಸ್ ಹದಿನೆಂಟರಲ್ಲಿ ಅರ್ಧಕ್ಕಿಂತ ಹೆಚ್ಚು. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಡಿಸೆಂಬರಿನ ಕೊಬ್ಬರಿ ಎಣ್ಣೆಯ ಹಾಗೆ ದಪ್ಪಗಾಗಿ, ಸೆಲ್ಫ್ ಹೊಡೆಯಲು ಎರಡರಷ್ಟು ಶಕ್ತಿ ಕೇಳುತ್ತದೆ. ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ಅಕ್ಟೋಬರಿನಲ್ಲೇ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬಹಳಷ್ಟು ಬಿಡಿಭಾಗದ ಅಂಗಡಿಗಳಲ್ಲಿ ಇದು ಪುಕ್ಕಟೆ. ವಿನಿಪೆಗ್, ಎಡ್ಮಂಟನ್ ಕಡೆ ಕಾರಿನ ಮೂತಿಯಿಂದ ಪ್ಲಗ್ ವೈರು ಜೋತಾಡುವುದನ್ನು ಕಂಡು ಹೊಸಬರು ಅದನ್ನು ಎಲೆಕ್ಟ್ರಿಕ್ ಕಾರೆಂದು ತಿಳಿಯುವುದುಂಟು. ರಾತ್ರಿಯಿಡೀ ಎಂಜಿನ್ನನ್ನು ಬೆಚ್ಚಗಿಡುವ ಹೀಟರಿನ ವೈರು ಅದು.

ನಿಜವಾದ ಎಲೆಕ್ಟ್ರಿಕ್ ಕಾರಿನವರಿಗೆ ಬೇರೆಯೇ ಚಿಂತೆ. ಎಎಎ 2019ರಲ್ಲಿ ಮಾಡಿದ ಪರೀಕ್ಷೆಯಲ್ಲಿ ಮೈನಸ್ ಏಳು ಡಿಗ್ರಿಯಲ್ಲಿ ಹೀಟರ್ ಹಾಕಿಕೊಂಡು ಓಡಿಸಿದಾಗ ಒಂದು ಚಾರ್ಜಿಗೆ ಹೋಗುವ ದೂರ ಸರಾಸರಿ ಶೇಕಡಾ 41ರಷ್ಟು ಕುಸಿದಿತ್ತು. ಹಾಗೆಂದು ಹೆದರಬೇಕಿಲ್ಲ, ನಾರ್ವೆಯಂಥ ಹಿಮದ ದೇಶದಲ್ಲೇ ಹೊಸ ಕಾರುಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್. ಹೊರಡುವ ಮೊದಲು, ಚಾರ್ಜಿಗೆ ಹಾಕಿರುವಾಗಲೇ ಕಾರನ್ನು ಬೆಚ್ಚಗೆ ಮಾಡಿಕೊಂಡರೆ ನಷ್ಟ ಕಡಿಮೆ.

ಕೂಲೆಂಟು ಅರ್ಧ ಗ್ಲೈಕಾಲ್, ಅರ್ಧ ನೀರು ಇದ್ದರೆ ಮೈನಸ್ 37ರವರೆಗೆ ಹೆಪ್ಪುಗಟ್ಟದು. ಬೇಸಿಗೆಯಲ್ಲಿ ನಲ್ಲಿ ನೀರು ಬೆರೆಸಿಕೊಂಡು ಕೆಲಸ ಸಾಗಿಸುವ ನಮ್ಮ ಕಡೆಯ ಅಭ್ಯಾಸ ಅಲ್ಲಿ ಎಂಜಿನ್ ಬ್ಲಾಕನ್ನೇ ಸೀಳಬಲ್ಲದು. ಗಾಜು ತೊಳೆಯುವ ದ್ರವವೂ ಚಳಿಗಾಲದ್ದೇ ಆಗಿರಬೇಕು. ಲಾರಿಯೊಂದು ಉಪ್ಪುನೀರು ಚಿಮ್ಮಿಸಿ ಮುಂದೆ ಹೋದಾಗ ಗಾಜಿನ ಮೇಲೆ ಏನೂ ಚಿಮ್ಮದಿದ್ದರೆ ಟೈರು ಎಷ್ಟು ಒಳ್ಳೆಯದಿದ್ದರೂ ಕುರುಡು ಸವಾರಿಯೇ.

ಉಪ್ಪಿನದು ನಿಧಾನದ ಹಾನಿ. ಸಾಮಾನ್ಯ ಉಪ್ಪು ಹಿಮ ಕರಗಿಸುವುದು ಮೈನಸ್ ಒಂಬತ್ತು ಡಿಗ್ರಿಯವರೆಗೆ. ಅದಕ್ಕೂ ಕೆಳಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡುಗಳನ್ನು ಸುರಿಯುತ್ತಾರೆ. ಇವೆಲ್ಲ ಕಾರಿನ ಹೊಟ್ಟೆಗೆ ಅಂಟಿ ಬ್ರೇಕಿನ ಕೊಳವೆ, ಬಾಗಿಲಿನ ಕೆಳಗಿನ ಪಟ್ಟಿಗಳನ್ನು ತಿನ್ನುತ್ತವೆ. ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್ ಸುತ್ತ ಹಳೆಯ ಕಾರು ಕೊಳ್ಳುವವರು ಬಣ್ಣದ ಹೊಳಪಿಗೆ ಮರುಳಾಗದೆ ಬಗ್ಗಿ ತಳ ನೋಡಬೇಕು. ಚಳಿ ಸ್ವಲ್ಪ ಸಡಿಲಿಸಿದ ದಿನ ಕಾರಿನ ತಳಕ್ಕೂ ನೀರು ಹೊಡೆಯುವ ಕಾರ್ ವಾಷಿಗೆ ಹೋಗಿ ಬಂದರೆ ಗಾಡಿಯ ಆಯುಸ್ಸು ಹೆಚ್ಚುತ್ತದೆ.

ಜೀವಕ್ಕೆ ಸಂಬಂಧಿಸಿದ ಎರಡು ಮಾತು ಉಳಿದಿವೆ. ಹಿಮಬಿರುಗಾಳಿಯ ಬಳಿಕ ಮಕ್ಕಳನ್ನು ಕಾರಿನಲ್ಲಿ ಕೂರಿಸಿ, ಎಂಜಿನ್ ಹಾಕಿ, ಅಪ್ಪ ಸುತ್ತಲಿನ ಹಿಮ ಬಾಚುವುದು ಅಲ್ಲಿ ಸಾಮಾನ್ಯ ನೋಟ. ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ. ಮೊದಲು ಸೈಲೆನ್ಸರಿನ ಸುತ್ತ ಬಾಚಿ, ಆಮೇಲೆ ಎಂಜಿನ್ ಹಾಕಬೇಕು. ಇನ್ನೊಂದು, ಮಕ್ಕಳ ದಪ್ಪ ಜಾಕೆಟ್ಟು. ಅದರ ಮೇಲೆ ಬಿಗಿದ ಬೆಲ್ಟು ಬಿಗಿಯಾಗಿ ಕಂಡರೂ ಡಿಕ್ಕಿಯ ಹೊಡೆತಕ್ಕೆ ಜಾಕೆಟ್ಟಿನೊಳಗಿನ ಗಾಳಿ ಹೊರಟು ಬೆಲ್ಟು ಸಡಿಲವಾಗುತ್ತದೆ. ಜಾಕೆಟ್ ತೆಗೆದು ಬೆಲ್ಟ್ ಹಾಕಿ, ಮೇಲೆ ಹೊದಿಸಬೇಕು. ಊರಿನಿಂದ ಬಂದ ಅಜ್ಜಿ ‘ಕೂಸಿಗೆ ಚಳಿ ಆಗ್ತದೆ’ ಎಂದು ತಡೆದರೂ ಇದರಲ್ಲಿ ರಾಜಿ ಬೇಡ.

ಹಾಗಾದರೆ ಯಾರಿಗೆ ಯಾವ ಟೈರು? ಸ್ಯಾನ್ ಹೋಸೆ, ಹ್ಯೂಸ್ಟನ್ನಿನವರು ಇಷ್ಟೆಲ್ಲ ಯೋಚಿಸಬೇಕಿಲ್ಲ. ನ್ಯೂಜೆರ್ಸಿ, ಸೇಂಟ್ ಲೂಯಿಸ್‌ನಂಥ ಕಡೆ, ಹಿಮ ಬಿದ್ದ ದಿನ ಮನೆಯಿಂದಲೇ ಕೆಲಸ ಮಾಡಬಲ್ಲವರಿಗೆ ಬೆಟ್ಟದ ಗುರುತಿನ ಆಲ್ ವೆದರ್ ಸಾಕು. ಮಿನಿಯಾಪೊಲಿಸ್, ಬಫೆಲೊ, ಒಟ್ಟಾವದಲ್ಲಿ, ಅದರಲ್ಲೂ ಆಸ್ಪತ್ರೆಯ ಪಾಳಿಗೆ ಹೋಗುವವರೋ ಮಕ್ಕಳನ್ನು ದಿನಾ ಶಾಲೆಗೆ ಬಿಡುವವರೋ ಮನೆಯಲ್ಲಿದ್ದರೆ, ನಾಲ್ಕೂ ಚಕ್ರಕ್ಕೆ ಚಳಿಗಾಲದ ಟೈರು. ಹಣ ಉಳಿಸಲು ಎರಡೇ ಹಾಕಿಸುವುದು ಒಂದೂ ಹಾಕಿಸದೆ ಇರುವುದಕ್ಕಿಂತ ಕೆಟ್ಟದ್ದು. ಮುಂದಿನ ಚಕ್ರ ಹಿಡಿದು ಹಿಂದಿನದು ಜಾರಿದರೆ ಕಾರು ತಿರುವಿನಲ್ಲಿ ಬಾಲ ಬೀಸಿ ತಿರುಗಿಬಿಡುತ್ತದೆ.

ಸಾಧಾರಣ ಸೆಡಾನಿಗೆ ಒಂದು ಸೆಟ್ಟು ಸುಮಾರು 500ರಿಂದ 900 ಡಾಲರ್. ದುಬಾರಿಯೇ. ಆದರೆ ಅವು ಓಡುವ ನಾಲ್ಕೈದು ತಿಂಗಳು ಇನ್ನೊಂದು ಸೆಟ್ಟು ಸವೆಯುವುದಿಲ್ಲ, ಮತ್ತು ಒಂದೇ ಒಂದು ಸಲ ಕಲ್ಲಂಚಿಗೆ ಜಾರಿ ಗುದ್ದಿದರೂ ವಿಮೆಯವರು ಬಿಟ್ಟು ನಿಮ್ಮ ಕೈಯಿಂದ ಹೋಗುವ ಪಾಲು ಬಹುಮಟ್ಟಿಗೆ ಇಷ್ಟೇ ಆಗುತ್ತದೆ. ಜೊತೆಗೆ ಅಗ್ಗದ ಕಬ್ಬಿಣದ ರಿಮ್ಮುಗಳನ್ನು ಕೊಂಡರೆ ಪ್ರತಿ ವರ್ಷ ಟೈರು ಕಳಚಿ ಕೂರಿಸುವ ಕೂಲಿ ಉಳಿಯುತ್ತದೆ; ಗಾಡಿಯ ಕೈಪಿಡಿ ಒಪ್ಪಿದರೆ ಒಂದು ಅಳತೆ ಕಿರಿದಾದ ರಿಮ್ಮೇ ಹಿಮಕ್ಕೆ ಒಳ್ಳೆಯದು. ಕೊಳ್ಳುವಾಗ ಟೈರಿನ ಪಕ್ಕದಲ್ಲಿರುವ DOT ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 3523 ಎಂದಿದ್ದರೆ 2023ರ 35ನೇ ವಾರ ತಯಾರಾದದ್ದು. ಗ್ರಿಪ್ಪು ನಾಲ್ಕು ಮಿಲಿಮೀಟರಿಗೆ ಇಳಿಯಿತೆಂದರೆ, ಕಾನೂನು 1.6ರವರೆಗೆ ಬಿಟ್ಟರೂ, ಹಿಮದ ಮಟ್ಟಿಗೆ ಆ ಟೈರಿನ ಕೆಲಸ ಮುಗಿಯಿತು.

ಏಪ್ರಿಲ್ ಬಂದ ಮೇಲೂ ಅವನ್ನು ಬಿಡಬೇಡಿ. ಮೆತ್ತನೆಯ ರಬ್ಬರು ಬೆಚ್ಚನೆಯ ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ಬ್ರೇಕಿಗೂ ಸರಿಯಾಗಿ ನಿಲ್ಲದು. ಬಿಚ್ಚುವಾಗ ಯಾವ ಚಕ್ರ ಯಾವ ಮೂಲೆಯದೆಂದು ಸೀಮೆಸುಣ್ಣದಲ್ಲಿ ಬರೆದಿಡಿ. ಉಪ್ಪು ತೊಳೆದು ಒಣಗಿಸಿ, ಬಿಸಿಲು ಬೀಳದ ತಂಪು ಜಾಗದಲ್ಲಿ, ರಿಮ್ಮಿನ ಸಮೇತ ಇದ್ದರೆ ಒಂದರ ಮೇಲೊಂದು ಮಲಗಿಸಿ, ಬರೀ ಟೈರಾದರೆ ನಿಲ್ಲಿಸಿ ಇಡಬೇಕು. ಹೊಸ ಚಕ್ರ ಹಾಕಿದ ಮೇಲೆ ನೂರು ಕಿಲೋಮೀಟರ್ ಓಡಿಸುವುದರೊಳಗೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ ನೋಡಬೇಕೆಂದು ಗ್ಯಾರೇಜಿನವರು ರಸೀದಿಯ ಮೇಲೆ ಮುದ್ರಿಸಿಯೇ ಕೊಡುತ್ತಾರೆ. ಆ ರಸೀದಿಯನ್ನು ಓದುವವರು ಕಡಿಮೆ.